ಇಂಕ್ ಪೆನ್ನಿಗೆ ಹಳದಿ ಇಂಕು ತುಂಬಿಸಿದರೆ...

ಇಂಕ್ ಪೆನ್ನಿನ ಹುಚ್ಚು ಹತ್ತಿದವರಿಗೆ ನೀಲಿ, ಕಪ್ಪು ಸಾಕಾಗೋದಿಲ್ಲ. ಹಸಿರು ಆಯ್ತು, ನೇರಳೆ ಆಯ್ತು, ಕೊನೆಗೆ ಕಣ್ಣು ಹಳದಿ ಬಾಟಲಿ ಮೇಲೆ ಬೀಳುತ್ತದೆ. ನೋಡೋಕೇನೋ ಚೆಂದ, ಚೆಂಡು ಹೂವನ್ನು ಹಿಂಡಿ ತುಂಬಿಸಿಟ್ಟ ಹಾಗೆ. ತಂದು ಪೆನ್ನಿಗೆ ತುಂಬಿಸಿ, ಬಿಳಿ ಹಾಳೆ ಮೇಲೆ ನಿಮ್ಮ ಹೆಸರು ಬರೆದು ನೋಡಿ. ಎಲ್ಲಿದೆ ಹೆಸರು? ಕಿಟಕಿ ಹತ್ತಿರ ಹಿಡಿದು ಹುಡುಕಬೇಕು!

ಇದು ಇಂಕಿನ ತಪ್ಪಲ್ಲ. ಹಳದಿ ಬಣ್ಣ ಬೆಳಕಿನಲ್ಲಿರುವ ನೀಲಿ ಭಾಗವನ್ನು ಹೀರಿಕೊಂಡು, ಕೆಂಪು ಮತ್ತು ಹಸಿರು ಭಾಗವನ್ನು ವಾಪಸ್ ಕಳಿಸುತ್ತದೆ. ಯಾವುದು ಎಷ್ಟು ಬೆಳ್ಳಗಿದೆ ಅಂತ ನಮ್ಮ ಕಣ್ಣು ಹಾಕುವ ಲೆಕ್ಕದಲ್ಲಿ ನೀಲಿಯ ಪಾಲು ಬಹಳ ಕಡಿಮೆ. ಹಾಗಾಗಿ ಕಣ್ಣಿಗೆ ಬಿಳಿ ಹಾಳೆ, ಹಳದಿ ಅಕ್ಷರ ಎರಡೂ ಹೆಚ್ಚುಕಡಿಮೆ ಒಂದೇ. ಅದೇ ಹಳದಿಯನ್ನು ಅಚ್ಚಾದ ಕಪ್ಪು ಅಕ್ಷರದ ಮೇಲೆ ಎಳೆಯಿರಿ. ಅಕ್ಷರ ಕಪ್ಪಾಗೇ ಉಳಿಯುತ್ತೆ, ಸುತ್ತಲಿನ ಜಾಗ ಎದ್ದು ಕಾಣುತ್ತೆ. ಬರೆಯೋಕೆ ಅಡ್ಡಿಯಾದ ಗುಣವೇ ಗುರುತು ಹಾಕೋಕೆ ಅನುಕೂಲ.

ಅದಕ್ಕೇ ಹಳದಿ ಇಂಕಿನಲ್ಲಿ ಪತ್ರ, ಡೈರಿ ಬರೆಯೋ ಆಸೆ ಬಿಡಿ. ಬರೆಯಲೇಬೇಕು ಅಂದರೆ ಕಿತ್ತಳೆ ಕಡೆಗೆ ವಾಲಿದ, ಬೆಲ್ಲದ ಪಾಕದಂಥ ಹಳದಿ ಆರಿಸಿಕೊಳ್ಳಿ, ದಪ್ಪ ನಿಬ್ ಹಾಕಿ. ಅರ್ಜಿ, ಚೆಕ್ಕು, ಸಹಿಗಂತೂ ಬೇಡವೇ ಬೇಡ. ಕಪ್ಪು-ಬಿಳುಪು ಜೆರಾಕ್ಸ್‌ನಲ್ಲಿ ಹಳದಿ ಬಹುತೇಕ ಮಾಯ.

ಹೈಲೈಟ್ ಮಾಡೋಕೆ ಅಂತಲೇ ಇಂಕ್ ಪೆನ್ನಿನ ಇಂಕುಗಳಿವೆ. ಪೆಲಿಕನ್ ಕಂಪನಿ 'ಎಂ205 ಡುವೊ' ಅಂತ ಇದಕ್ಕೇ ದಪ್ಪ ನಿಬ್ಬಿನ ಪೆನ್ನು ಮಾಡಿತ್ತು. ಅಮೆರಿಕದ ನೂಡ್ಲರ್ಸ್‌ನವರ 'ಫೈರ್‌ಫ್ಲೈ' ಕೂಡ ಹೈಲೈಟರ್ ಇಂಕೇ. ಇಂಥ ಪ್ರತಿದೀಪ್ತ ಇಂಕು, ಅಂದರೆ ಫ್ಲೋರೊಸೆಂಟ್ ಇಂಕು, ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನೂ ಹೀರಿಕೊಂಡು ಹಸಿರು-ಹಳದಿಯಾಗಿ ಹೊರಗೆ ಬಿಡುತ್ತದೆ. ಆ ಹೊಳಪು ಬರೋದು ಅಲ್ಲಿಂದ. ಆದರೆ ಬಿಸಿಲು ಬಿದ್ದರೆ ಬೇಗ ಮಾಸುತ್ತೆ.

ಕೊಳ್ಳುವ ಮುಂಚೆ ನಾಲ್ಕು ಮಾತು:

ನಿಬ್: ಸಣ್ಣ ನಿಬ್ಬಿನಲ್ಲಿ ಅಡಿಗೆರೆ ಮಾತ್ರ ಸಾಧ್ಯ. ಇಡೀ ಸಾಲಿಗೆ ಬಳಿಯಬೇಕಾದರೆ ಅಗಲ ನಿಬ್ ಬೇಕು. ಪೈಲಟ್ ಪ್ಯಾರಲಲ್ ಪೆನ್ನಿನಲ್ಲಿ 2.4 ಮತ್ತು 3.8 ಮಿ.ಮೀ. ಅಳತೆಗಳು ಸಿಗುತ್ತವೆ, ಪುಸ್ತಕದ ಸಾಲಿಗೆ ಸರಿಹೋಗುತ್ತವೆ.

ಪೆನ್ನು: ಹಳದಿಗೆ ಅಂತ ಒಂದು ಪೆನ್ನು ಬೇರೆ ಇಡಿ. ಒಳಗೆ ಒಂದು ಹನಿ ಹಳೇ ನೀಲಿ ಉಳಿದಿದ್ದರೂ ಹಳದಿ ಹೋಗಿ ಪಾಚಿ ಬಣ್ಣ ಬರುತ್ತೆ.

ಕೆಳಗಿನ ಬರಹ: ಲೇಸರ್ ಪ್ರಿಂಟ್, ಬಾಲ್‌ಪೆನ್ ಬರಹದ ಮೇಲೆ ಧೈರ್ಯವಾಗಿ ಎಳೆಯಬಹುದು. ಇಂಕ್ ಪೆನ್ನಿನಲ್ಲೇ ಬರೆದ ನೋಟ್ಸ್, ಇಂಕ್‌ಜೆಟ್ ಪ್ರಿಂಟ್ ನೀರಿಗೆ ಕದಡುತ್ತವೆ. ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ ನೋಡಿ.

ಕಾಗದ: ತೆಳು ಹಾಳೆಯಾದರೆ ಹಿಂಬದಿಗೆ ಇಳಿಯುತ್ತೆ. ಲೈಬ್ರರಿ ಪುಸ್ತಕಕ್ಕೆ ಕೈ ಹಚ್ಚಬೇಡಿ.

ಇಲ್ಲೊಂದು ಹಳೇ ಸಂಗತಿ. ನಮ್ಮ ದೇಶದಲ್ಲಿ ಕಾಗದದ ಹಸ್ತಪ್ರತಿ ಬರೆಯುತ್ತಿದ್ದವರು ತಪ್ಪಾದ ಅಕ್ಷರದ ಮೇಲೆ ಹರಿತಾಳ ಬಳಿಯುತ್ತಿದ್ದರು. ಅದು ಆರ್ಸೆನಿಕ್ ಇರುವ ಹಳದಿ ಖನಿಜ, ವಿಷ. ಪುಡಿ ದಟ್ಟವಾಗಿ ಕೂತು ಕೆಳಗಿನ ಅಕ್ಷರವನ್ನು ಮುಚ್ಚಿಬಿಡುತ್ತಿತ್ತು. ಅಂದರೆ ಒಂದು ಕಾಲದಲ್ಲಿ ಹಳದಿ ಇದ್ದಿದ್ದು ಅಳಿಸೋಕೆ, ಈಗ ಎತ್ತಿ ತೋರಿಸೋಕೆ.

ಈಗಲೂ ಅಳಿಸುತ್ತಾ? ಆಫೀಸ್ ಮುಗಿಸಿ ರಾತ್ರಿ ಕೆಎಎಸ್‌ಗೋ ಸಿಎಗೋ ಓದುವವರ ಪುಸ್ತಕ ನೋಡಿ. ಪುಟಕ್ಕೆ ಪುಟವೇ ಹಳದಿ. ಎಲ್ಲಾ ಸಾಲೂ ಮುಖ್ಯ ಅಂದರೆ ಯಾವುದೂ ಮುಖ್ಯ ಅಲ್ಲ, ಅದು ಹರಿತಾಳ ಬಳಿದ ಹಾಗೇ. 2013ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ಓದುವ 10 ವಿಧಾನಗಳನ್ನು ತೂಗಿ ನೋಡಿದರು. ಹೈಲೈಟ್ ಮಾಡೋದು 'ಕಡಿಮೆ ಉಪಯೋಗ'ದ ಪಟ್ಟಿಗೆ ಬಿತ್ತು. ಮೇಲೆ ಬಂದಿದ್ದು ಎರಡೇ: ತಮ್ಮನ್ನು ತಾವೇ ಪ್ರಶ್ನೆ ಕೇಳಿಕೊಳ್ಳೋದು, ಓದನ್ನು ಹಲವು ದಿನಗಳಿಗೆ ಹಂಚಿಕೊಳ್ಳೋದು. ಗೆರೆ ಎಳೆಯುವಾಗ ಕೈ ಕೆಲಸ ಮಾಡುತ್ತೆ, ತಲೆಗೆ 'ಓದಾಯ್ತು' ಅನ್ನೋ ಸಮಾಧಾನ ಬರುತ್ತೆ. ದಿನಕ್ಕೆ ಸಿಗೋದೇ ಒಂದು ಗಂಟೆ ಇರುವವರಿಗೆ ಈ ಸುಳ್ಳು ಸಮಾಧಾನ ದುಬಾರಿ.

ಹಾಗಂತ ಹಳದಿ ಪೆನ್ನು ಎಸೆಯಬೇಕಿಲ್ಲ. ಮೊದಲ ಸಲ ಓದುವಾಗ ಅದರ ಮುಚ್ಚಳ ತೆಗೆಯಬೇಡಿ, ಅಷ್ಟೇ. ಒಂದು ಭಾಗ ಮುಗಿಸಿ, ಪುಸ್ತಕ ಮುಚ್ಚಿ, ಏನು ಓದಿದೆ ಅಂತ ನೆನಪು ಮಾಡಿಕೊಳ್ಳಿ. ಆಮೇಲೆ ತೆರೆದು, ನೆನಪಿಗೆ ಬಾರದ ಸಾಲಿಗೆ ಮಾತ್ರ ಹಳದಿ ಹಚ್ಚಿ. ಪಕ್ಕದ ಅಂಚಿನಲ್ಲಿ ನೀಲಿ ಪೆನ್ನಿನಿಂದ ಒಂದು ಪ್ರಶ್ನೆ ಬರೆಯಿರಿ, ಆ ಸಾಲೇ ಅದಕ್ಕೆ ಉತ್ತರವಾಗಿರಲಿ. ವಾರ ಬಿಟ್ಟು ಪ್ರಶ್ನೆ ಮಾತ್ರ ಓದಿ ಉತ್ತರ ಹೇಳಿಕೊಳ್ಳಿ.

ಈ ಲೆಕ್ಕದಲ್ಲಿ ಒಂದು ಪುಟಕ್ಕೆ ಎರಡು ಮೂರು ಗೆರೆ ಬಿದ್ದರೆ ಹೆಚ್ಚು. ಒಂದು ಬಾಟಲಿ ಇಂಕು ವರ್ಷಗಟ್ಟಲೆ ಬರುತ್ತೆ, ಜೇಬಿಗೂ ಒಳ್ಳೇದೇ.