ನಡೆದು ಬರುವ ಗ್ರಾಹಕ

ಕಾರ್ಯನಿಮಿತ್ತ ಬೆಂಗಳೂರಿಗೆ ಹೋಗುವ ನಮ್ಮ ಭಾಗದ ವರ್ತಕರು ರಾತ್ರಿಯ ರೈಲಿನಲ್ಲಿ ಹೊರಟು, ಬೆಳಗ್ಗೆ ಇಳಿದು, ಆಟೋರಿಕ್ಷಾದಲ್ಲಿ ಓಡಾಡಿ ಕೆಲಸ ಮುಗಿಸಿ, ಅದೇ ರಾತ್ರಿ ಹಿಂದಿರುಗುವುದು ವಾಡಿಕೆ. ನಾನೂ ಇದುವರೆಗೆ ಹಾಗೆಯೇ ಮಾಡಿದವನು. ಇತ್ತೀಚೆಗೆ ಕಕ್ಷಿದಾರರೊಬ್ಬರ ಪ್ರಕರಣದ ವಿಚಾರಣೆ ಮುಂದಕ್ಕೆ ಹೋದುದರಿಂದ ಇಡೀ ದಿನ ಬಿಡುವಾಯಿತು. ಆ ದಿನ ಬೆಂಗಳೂರಿನ ಹಳೆಯ ಪೇಟೆಯನ್ನು ಕಾಲ್ನಡಿಗೆಯಲ್ಲಿ ನೋಡಿದೆ. ಅಲ್ಲಿ ಕಂಡದ್ದು ನಮ್ಮ ವ್ಯಾಪಾರಕ್ಕೂ ಸಂಬಂಧಿಸಿದ್ದೆಂದು ತೋರಿ ಇಲ್ಲಿ ನಿವೇದಿಸುತ್ತಿದ್ದೇನೆ.

ನಿಲ್ದಾಣದಿಂದ ಕೆಂಪೇಗೌಡ ರಸ್ತೆಯಲ್ಲಿ ಸಾಗಿದರೆ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯ ಕಟ್ಟಡ ಸಿಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯಾಗಿ ಆರಂಭವಾದ ಸಂಸ್ಥೆ ಅದು. ಮುಂದೆ ಅವೆನ್ಯೂ ರಸ್ತೆ, ಅಂದರೆ ಹಿಂದಿನ ದೊಡ್ಡಪೇಟೆ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ ಎಂಬ ಹೆಸರುಗಳೇ ಇಲ್ಲಿ ನಾಮಫಲಕಗಳು. ಒಂದೇ ಬಗೆಯ ಅಂಗಡಿಗಳು ಸಾಲಾಗಿರುವುದರಿಂದ ಗ್ರಾಹಕನು ನಾಲ್ಕು ಹೆಜ್ಜೆಯೊಳಗೆ ನಾಲ್ಕು ಕಡೆ ದರ ವಿಚಾರಿಸಬಲ್ಲನು. ರಸ್ತೆಯ ಕೊನೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆ, ಅದರಾಚೆ ಕೋಟೆ ಮತ್ತು 1791ರಲ್ಲಿ ಪೂರ್ಣಗೊಂಡ ಟಿಪ್ಪುವಿನ ಬೇಸಿಗೆ ಅರಮನೆ.

ಈ ಪೇಟೆ ಆದರ್ಶವೆಂದು ನಾನು ಹೇಳಲಾರೆ. ಜನಜಂಗುಳಿ, ನುಗ್ಗುವ ದ್ವಿಚಕ್ರ ವಾಹನಗಳು, ಮೂಟೆ ಹೇರಿದ ಕೈಗಾಡಿಗಳ ನಡುವೆ ಕಾಲಿಡುವುದೇ ಕಷ್ಟ. ಆದರೂ ಏನನ್ನೂ ಕೊಳ್ಳುವ ಉದ್ದೇಶವಿಲ್ಲದೆ ಹೊರಟ ನನ್ನ ಚೀಲದಲ್ಲಿ ಸಂಜೆಯ ಹೊತ್ತಿಗೆ ಎರಡು ಹಳೆಯ ಪುಸ್ತಕಗಳು, ಒಂದು ಹಿತ್ತಾಳೆಯ ದೀಪ ಮತ್ತು ಮನೆಯವರಿಗೊಂದು ಸೀರೆ ಸೇರಿದ್ದವು. ರಿಕ್ಷಾದಲ್ಲಿ ಕುಳಿತಿದ್ದರೆ ಈ ಯಾವ ಅಂಗಡಿಯೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ನಡೆಯುವವನು ನಿಲ್ಲುತ್ತಾನೆ, ನಿಂತವನು ನೋಡುತ್ತಾನೆ, ನೋಡಿದವನು ಕೊಳ್ಳುತ್ತಾನೆ.

ಈಗ ನಮ್ಮ ಊರುಗಳತ್ತ ನೋಡೋಣ. ಕಾರವಾರದಲ್ಲಿ ರವೀಂದ್ರನಾಥ ಟಾಗೋರ್ ಕಡಲತೀರವಿದೆ. 2006ರಿಂದ ಚಾಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ. 2024ರಲ್ಲಿ ಅದರ ಬಳಿ ಟುಪೊಲೆವ್ ಯುದ್ಧವಿಮಾನವೂ ಪ್ರದರ್ಶನಕ್ಕೆ ತೆರೆದಿದೆ. ಅಂಕೋಲೆಯಲ್ಲಿ 1930ರ ಉಪ್ಪಿನ ಸತ್ಯಾಗ್ರಹದ ನೆನಪಿದೆ, ಸ್ಮಾರಕ ಭವನವಿದೆ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕರಿ ಈಶಾಡು ಮಾವು ಇದೆ. ಆದರೆ ಪ್ರವಾಸಿಯು ಹೆದ್ದಾರಿಯ ಬದಿಯಲ್ಲಿ ವಾಹನ ನಿಲ್ಲಿಸಿ, ನೌಕೆಯೆದುರು ಛಾಯಾಚಿತ್ರ ತೆಗೆಸಿಕೊಂಡು, ಗೋವಾ ಅಥವಾ ಗೋಕರ್ಣದ ದಾರಿ ಹಿಡಿಯುತ್ತಾನೆ. ಹೆದ್ದಾರಿಯ ಇನ್ನೊಂದು ಬದಿಯಲ್ಲಿಯೇ ನಮ್ಮ ಪೇಟೆಯಿದೆ ಎಂಬುದನ್ನು ಅವನಿಗೆ ಯಾರೂ ಹೇಳುವುದಿಲ್ಲ. ಹೇಳಿದರೂ, ಅವನು ಹೆಂಡತಿ ಮಕ್ಕಳೊಡನೆ ನಿರಾತಂಕವಾಗಿ ನಡೆದು ಬರಲು ಜಾಗವಿದೆಯೇ?

ಇದಕ್ಕೆ ನಗರಸಭೆಯನ್ನು ದೂರುವುದು ಸುಲಭ. ಆದರೆ ಫುಟ್‌ಪಾತಿನ ಮೇಲೆ ಸರಕು ಜೋಡಿಸಿದವರು ನಾವೇ. ವಾಹನ ನಿಲುಗಡೆ ತಪ್ಪಿದರೆ ಗಿರಾಕಿ ತಪ್ಪುತ್ತಾನೆಂದು ಕೆಲವು ವರ್ತಕ ಬಾಂಧವರು ವಾದಿಸುತ್ತಾರೆ. ಭಾರ ಹೊರುವ ಗಿರಾಕಿಗೂ ವಯೋವೃದ್ಧರಿಗೂ ವಾಹನ ಬೇಕೆಂಬುದು ನಿಜ. ಆದರೆ ಅಂಗಡಿಯೆದುರು ಬೆಳಗಿನಿಂದ ರಾತ್ರಿಯವರೆಗೆ ನಿಂತಿರುವ ವಾಹನ ಯಾರದು? ಅದು ಅನೇಕ ವೇಳೆ ಅಂಗಡಿಯ ಮಾಲೀಕರದೇ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಆದುದರಿಂದ ಮೂರು ಸಲಹೆಗಳು. ಮೊದಲನೆಯದಾಗಿ, ಮಾಲೀಕರು ಮತ್ತು ನೌಕರರು ತಮ್ಮ ವಾಹನಗಳನ್ನು ಪೇಟೆಯಿಂದ ದೂರದಲ್ಲಿ ನಿಲ್ಲಿಸಲಿ. ಎರಡನೆಯದಾಗಿ, ಪ್ರತಿಯೊಬ್ಬರೂ ತಮ್ಮ ಅಂಗಡಿಯ ಮುಂದಿನ ಫುಟ್‌ಪಾತನ್ನು ತೆರವುಗೊಳಿಸಲಿ. ಮೂರನೆಯದಾಗಿ, ಕಡಲತೀರದಿಂದ ಪೇಟೆಗೆ ನಡೆದು ಬರುವ ದಾರಿ, ಗೋಡಂಬಿ, ಒಣಮೀನು, ಮಸಾಲೆ ದೊರೆಯುವ ಅಂಗಡಿಗಳು ಹಾಗೂ ಶೌಚಾಲಯವನ್ನು ತೋರಿಸುವ ಒಂದು ಪುಟದ ನಕ್ಷೆಯನ್ನು ಸಂಸ್ಥೆಯೇ ಮುದ್ರಿಸಿ ಹಂಚಲಿ. ಅಂಕೋಲೆಯಲ್ಲಿ ಇದನ್ನು ಮಾವಿನ ಋತುವಿನಲ್ಲಿಯೇ ಆರಂಭಿಸಬಹುದು. ಒಂದು ತಿಂಗಳು ಪ್ರಯೋಗ ನಡೆಸಿ, ಹಿಂದಿನ ವರ್ಷದ ಅದೇ ತಿಂಗಳ ಮಾರಾಟದೊಡನೆ ಹೋಲಿಸಿ ನೋಡಿದರೆ ಫಲಿತಾಂಶ ತಿಳಿಯುತ್ತದೆ.

ಬಂದ ಗ್ರಾಹಕನ ಲೆಕ್ಕ ನಮ್ಮ ಬಿಲ್ಲುಗಳಲ್ಲಿ ಸಿಗುತ್ತದೆ. ಬರದೆಯೇ ಸಾಗಿಹೋದವನಿಗೆ ಯಾವ ಲೆಕ್ಕಪುಸ್ತಕದಲ್ಲಿಯೂ ಖಾತೆಯಿಲ್ಲ. ಆ ನಷ್ಟವನ್ನು ನಾನು ಲೆಕ್ಕಪರಿಶೋಧನೆಯಲ್ಲಿ ತೋರಿಸಲಾರೆ. ತಾವು ಅಂಗಡಿಯಿಂದ ಹೊರಬಂದು ಕಡಲತೀರದವರೆಗೆ ಒಮ್ಮೆ ನಡೆದರೆ ತಮಗೇ ಕಾಣುತ್ತದೆ.