ಮನೆಯಲ್ಲಿ ಕಟ್ಟಿದ ಕಾರಿಗೆ ನೋಂದಣಿ ಏಕಿಲ್ಲ?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಎಂಬ ಗ್ರಾಮದ ಕಮ್ಮಾರ ದತ್ತಾತ್ರಯ ಲೋಹಾರ್ 2021ರ ಡಿಸೆಂಬರ್‌ನಲ್ಲಿ ದೇಶದ ಗಮನ ಸೆಳೆದರು. ಹಳೆಯ ವಾಹನಗಳ ಬಿಡಿಭಾಗಗಳನ್ನೂ ಗುಜರಿ ಕಬ್ಬಿಣವನ್ನೂ ಜೋಡಿಸಿ, ಸುಮಾರು 60 ಸಾವಿರ ರೂಪಾಯಿ ಖರ್ಚಿನಲ್ಲಿ ಅವರು ಜೀಪನ್ನು ಹೋಲುವ ಪುಟ್ಟ ವಾಹನವೊಂದನ್ನು ಕಟ್ಟಿದ್ದರು. ಬೈಕಿನಂತೆ ಕಾಲಿನಿಂದ ಒದ್ದು ಚಾಲೂ ಮಾಡುವ ಈ ವಾಹನವನ್ನು ಕಂಡು ಮೆಚ್ಚಿದ ಉದ್ಯಮಿ ಆನಂದ್ ಮಹೀಂದ್ರಾ, ಅದಕ್ಕೆ ಬದಲಾಗಿ ಹೊಸ ಬೊಲೆರೊ ಕೊಡುವುದಾಗಿ ಪ್ರಕಟಿಸಿದರು. 2022ರ ಜನವರಿಯಲ್ಲಿ ಕೊಟ್ಟರು ಕೂಡ. ಲೋಹಾರ್ ಕುಟುಂಬದ ಸಂತೋಷದಲ್ಲಿ ನಾವೆಲ್ಲರೂ ಭಾಗಿಗಳಾದೆವು. ಆದರೆ ಅಂದು ಮಹೀಂದ್ರಾ ಅವರು ಆಡಿದ ಇನ್ನೊಂದು ಮಾತು ಯಾರ ಮನಸ್ಸಿನಲ್ಲೂ ಉಳಿದಂತಿಲ್ಲ. ಈ ವಾಹನ ನಿಯಮಗಳಿಗೆ ಹೊಂದುವುದಿಲ್ಲವಾದ್ದರಿಂದ ಸ್ಥಳೀಯ ಅಧಿಕಾರಿಗಳು ಇಂದಲ್ಲ ನಾಳೆ ಇದನ್ನು ರಸ್ತೆಯಿಂದ ತಡೆಯುತ್ತಾರೆ ಎಂದು ಅವರು ಹೇಳಿದ್ದರು. ಅದು ಅಕ್ಷರಶಃ ಸತ್ಯ. ಬೊಲೆರೊ ಬಾರದೇ ಹೋಗಿದ್ದರೆ ಆ ವಾಹನದ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಸಾಂಗ್ಲಿ ನಮ್ಮ ಬೆಳಗಾವಿ ಮತ್ತು ವಿಜಯಪುರ ಜಿಲ್ಲೆಗಳಿಗೆ ಅಂಟಿಕೊಂಡಿರುವ ಜಿಲ್ಲೆ. ಅಂಥ ಕೈಗಳು ಗಡಿಯ ಈಚೆಗೂ ಇವೆ. ಗದಗ ಸಮೀಪದ ಹರ್ತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ; ಕಲ್ಲಿನಲ್ಲಿ ಕುಸುರಿ ಕೆಲಸ ಮಾಡಿದ ಕೈಗಳನ್ನು ಕಂಡ ಊರು ಅದು. ಅಲ್ಲಿನ ಡಿಪ್ಲೊಮಾ ಮುಗಿಸಿದ ಯುವಕನೊಬ್ಬ ಗುಜರಿಗೆ ಹೊರಟ ಮಾರುತಿ 800 ಕೊಂಡು, ಅದರ ಎಂಜಿನ್, ಗೇರ್‌ಬಾಕ್ಸ್, ಬ್ರೇಕು, ಸ್ಟೀರಿಂಗ್‌ಗಳನ್ನು ಬಿಚ್ಚಿ, ಉಕ್ಕಿನ ಕೊಳವೆಗಳಿಂದ ಹೊಸ ಚೌಕಟ್ಟು ಬೆಸೆದು, ಫೈಬರ್ ಗಾಜಿನ ಹೊದಿಕೆ ಹಾಕಿ, ಎರಡು ವರ್ಷದ ಶ್ರಮದಿಂದ ಎರಡು ಆಸನಗಳ ಕಾರೊಂದನ್ನು ತಯಾರಿಸಿದನೆಂದು ಭಾವಿಸೋಣ. ಕೆಲಸ ಅಚ್ಚುಕಟ್ಟಾಗಿದೆ, ಬ್ರೇಕು ಚೆನ್ನಾಗಿ ಹಿಡಿಯುತ್ತದೆ ಎಂದೂ ಭಾವಿಸೋಣ. ಕೆಎ-26 ಸರಣಿಯ ಒಂದು ಸಂಖ್ಯೆಗಾಗಿ ಆತ ಗದಗದ ಪ್ರಾದೇಶಿಕ ಸಾರಿಗೆ ಕಚೇರಿಗೆ ಹೋಗುತ್ತಾನೆ. ಮುಂದೇನು?

ಅಲ್ಲಿ ಆತ ನಮೂನೆ 20ರಲ್ಲಿ ಅರ್ಜಿ ಸಲ್ಲಿಸಬೇಕು. ಜೊತೆಗೆ ನಮೂನೆ 21, ಅಂದರೆ ಮಾರಾಟ ಪ್ರಮಾಣಪತ್ರ ಬೇಕು. ಮಾರಿದವರು ಯಾರು? ಯಾರೂ ಇಲ್ಲ. ನಮೂನೆ 22, ಅಂದರೆ ವಾಹನವು ಮಾಲಿನ್ಯ ಮತ್ತು ಸುರಕ್ಷತೆಯ ಮಾನದಂಡಗಳಿಗೆ ಅನುಗುಣವಾಗಿದೆಯೆಂದು ತಯಾರಕರು ಕೊಡುವ ಪ್ರಮಾಣಪತ್ರವೂ ಬೇಕು. ತಯಾರಕರು ಯಾರು? ಅವನೇ. ಹಾಗಿದ್ದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 126ನೇ ನಿಯಮದಂತೆ ಆತ ತನ್ನ ವಾಹನದ ಮೂಲ ಮಾದರಿಯನ್ನು ಪುಣೆಯ ಎಆರ್‌ಎಐನಂಥ ಅಧಿಕೃತ ಸಂಸ್ಥೆಯ ಪರೀಕ್ಷೆಗೆ ಒಪ್ಪಿಸಿ ಅನುಮೋದನೆ ಪಡೆದಿರಬೇಕು. ಆ ಪರೀಕ್ಷೆಗಳಲ್ಲಿ ಕಾರನ್ನು ತಡೆಗೋಡೆಗೆ ಢಿಕ್ಕಿ ಹೊಡೆಸಿ ನೋಡುವುದೂ ಸೇರಿದೆ. ಲಕ್ಷಗಟ್ಟಲೆ ಕಾರು ತಯಾರಿಸುವ ಕಂಪನಿಗೆ ಕೆಲವು ಕಾರುಗಳು ನುಜ್ಜುಗುಜ್ಜಾದರೆ ನಷ್ಟವಿಲ್ಲ. ಹರ್ತಿಯ ಯುವಕನ ಬಳಿ ಇರುವುದು ಒಂದೇ ಕಾರು. ಪರೀಕ್ಷೆಯಲ್ಲಿ ಅದು ಉತ್ತೀರ್ಣವಾದ ಕ್ಷಣಕ್ಕೆ ನೋಂದಣಿ ಮಾಡಿಸಲು ಏನೂ ಉಳಿದಿರುವುದಿಲ್ಲ!

ಧಾರವಾಡದಲ್ಲಿ ಅರ್ಥಶಾಸ್ತ್ರ ಓದುವಾಗ ಸ್ಥಿರ ವೆಚ್ಚದ ಪಾಠವನ್ನು ನಮಗೆ ಕಾರ್ಖಾನೆಯ ಯಂತ್ರದ ಉದಾಹರಣೆಯಿಂದ ಹೇಳಿಕೊಡುತ್ತಿದ್ದರು. ಕಾನೂನೂ ಒಂದು ಸ್ಥಿರ ವೆಚ್ಚವೇ ಎಂಬುದು ಸರ್ಕಾರಿ ಸೇವೆಗೆ ಬಂದ ನಂತರವೇ ಅರಿವಾಗುವ ಸಂಗತಿ. ಅನುಮೋದನೆಯ ಖರ್ಚನ್ನು ಒಂದು ಲಕ್ಷ ಕಾರುಗಳಿಗೆ ಹಂಚಿದರೆ ಪ್ರತಿ ಕಾರಿಗೆ ಬೀಳುವುದು ಕೈಗೆಟಕುವ ಮೊತ್ತ. ಒಂದೇ ಕಾರಿನ ಮೇಲೆ ಹೊರಿಸಿದರೆ ಅದು ನಿಷೇಧಕ್ಕೆ ಸಮಾನ. ಮನೆಯಲ್ಲಿ ಕಾರು ಕಟ್ಟಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ನಿಯಮ ರೂಪಿಸಿದವರ ಕಣ್ಣಿಗೆ ಅಂಥವನೊಬ್ಬ ಬೀಳಲೇ ಇಲ್ಲ, ಅಷ್ಟೆ. ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಸಭೆಗಳಲ್ಲಿ ಕುಳಿತ ಅನುಭವದಿಂದ ಹೇಳುವುದಾದರೆ, ಇಂಥ ಅರ್ಜಿ ಬಂದಾಗ ಮೋಟಾರು ವಾಹನ ನಿರೀಕ್ಷಕರನ್ನು ದೂಷಿಸಿ ಪ್ರಯೋಜನವಿಲ್ಲ. ಕಾರು ಗಟ್ಟಿಯಾಗಿದೆಯೇ ಇಲ್ಲವೇ ಎಂಬುದು ಅವರಿಗೆ ನೋಡಿದೊಡನೆ ತಿಳಿಯುತ್ತದೆ. ಆದರೆ ತಿಳಿದದ್ದನ್ನು ಬರೆಯಲು ನಮೂನೆಯೇ ಇಲ್ಲ.

ಈ ಸ್ಥಿತಿ ಹಿಂದಿನಿಂದ ಬಂದದ್ದಲ್ಲ. ಕೊಲ್ಲಾಪುರ ಜಿಲ್ಲೆಯ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಎಂಬುವರಿದ್ದರು. 1949ರಲ್ಲಿಯೇ ಅವರು ತಮ್ಮ ಕೈಯಾರೆ ಎರಡು ಆಸನಗಳ ಸಣ್ಣ ಕಾರೊಂದನ್ನು ತಯಾರಿಸಿದರು. 'ಮೀರಾ' ಎಂಬ ಹೆಸರಿನ ಈ ಕಾರನ್ನು 1975ರವರೆಗೂ ಸುಧಾರಿಸುತ್ತಲೇ ಹೋದರು. ಅವರ ಕಾರು ನೋಂದಣಿ ಸಂಖ್ಯೆ ಪಡೆದು ರಸ್ತೆಯಲ್ಲಿ ಓಡಿತು ಎಂಬುದು ಇಲ್ಲಿ ಮುಖ್ಯವಾದ ಸಂಗತಿ. ಆಗ ಜಾರಿಯಲ್ಲಿದ್ದ 1939ರ ಮೋಟಾರು ವಾಹನ ಕಾಯ್ದೆಯ ಅಡಿಯಲ್ಲಿ ನೋಂದಣಾಧಿಕಾರಿ ವಾಹನವನ್ನು ತರಿಸಿ ಖುದ್ದು ಪರಿಶೀಲಿಸಬಹುದಾಗಿತ್ತು. ಪುಣೆಯ ಅನುಮೋದನೆಯ ಪ್ರಶ್ನೆಯೇ ಇರಲಿಲ್ಲ. ಕುಲಕರ್ಣಿಯವರು ಎಡವಿದ್ದು ಇನ್ನೊಂದು ಕಡೆ. ಕಾರನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಕೈಗಾರಿಕಾ ಪರವಾನಗಿ ಬೇಕಿತ್ತು. ಅದು ಅವರಿಗೆ ದಕ್ಕಲಿಲ್ಲ. ಅಂದಿನ ಪರ್ಮಿಟ್ ರಾಜ್ಯದ ಕಥೆ ಓದುಗರಿಗೆ ಹೊಸದೇನಲ್ಲ.

1993ರಲ್ಲಿ ಕೇಂದ್ರ ಸರ್ಕಾರ ಪ್ರಯಾಣಿಕ ಕಾರುಗಳ ತಯಾರಿಕೆಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಅದೇ 1993ರ ತಿದ್ದುಪಡಿಯ ಮೂಲಕ 126ನೇ ನಿಯಮದ ಪ್ರಕಾರ ಪ್ರತಿಯೊಬ್ಬ ತಯಾರಕನೂ ಮೂಲ ಮಾದರಿಯನ್ನು ಪರೀಕ್ಷೆಗೆ ಒಪ್ಪಿಸುವುದು ಕಡ್ಡಾಯವಾಯಿತು. ಎರಡೂ ಅವಶ್ಯಕ ಕ್ರಮಗಳೇ. ಎರಡನೆಯದನ್ನು ನಾನು ಟೀಕಿಸುತ್ತಿಲ್ಲ. ಆದರೆ ಪರಿಣಾಮವನ್ನು ನೋಡಿ. ಕುಲಕರ್ಣಿಯವರ ಕಾಲದಲ್ಲಿ ಒಂದು ಕಾರು ಕಟ್ಟಿ ಓಡಿಸಬಹುದಾಗಿತ್ತು, ಸಾವಿರ ಕಾರು ಕಟ್ಟುವಂತಿರಲಿಲ್ಲ. ಇಂದು ಬಂಡವಾಳವಿದ್ದವನು ಲಕ್ಷ ಕಾರು ಕಟ್ಟಬಹುದು, ಒಂದನ್ನು ಕಟ್ಟಿ ಓಡಿಸುವಂತಿಲ್ಲ.

ಹಾಗೆಂದು ಸರ್ಕಾರ ವಿನಾಯಿತಿ ಕೊಡುವುದನ್ನೇ ಅರಿಯದು ಎನ್ನುವಂತಿಲ್ಲ. 2018ರಲ್ಲಿ ಇದೇ 126ನೇ ನಿಯಮಕ್ಕೆ ತಿದ್ದುಪಡಿ ತಂದು, ಅಂತರರಾಷ್ಟ್ರೀಯ ಮಾನದಂಡಗಳ ವಾಹನಗಳನ್ನು ವರ್ಷಕ್ಕೆ 2,500ರವರೆಗೆ ಇಲ್ಲಿನ ಪರೀಕ್ಷೆಯಿಲ್ಲದೆ ಆಮದು ಮಾಡಿಕೊಳ್ಳಲು ತಯಾರಕರಿಗೆ ಅವಕಾಶ ಕೊಡಲಾಯಿತು. ಇದರ ಲಾಭ ದುಬಾರಿ ವಿದೇಶಿ ಕಾರುಗಳಿಗೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2021ರಲ್ಲಿ 50 ವರ್ಷ ಮೀರಿದ ವಿಂಟೇಜ್ ವಾಹನಗಳಿಗಾಗಿ 'ವಿಎ' ಅಕ್ಷರಗಳ ಪ್ರತ್ಯೇಕ ನೋಂದಣಿ ಸರಣಿ ಬಂತು. 20 ಸಾವಿರ ರೂಪಾಯಿ ಶುಲ್ಕ ಕಟ್ಟಿದರೆ ಅವನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ ರಸ್ತೆಗಿಳಿಸಬಹುದು. ಇನ್ನು ಇ-ರಿಕ್ಷಾಗಳ ವಿಷಯ. 2014ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಅವುಗಳ ಸಂಚಾರವನ್ನು ತಡೆದಾಗ ಕೆಲವೇ ತಿಂಗಳಲ್ಲಿ ಹೊಸ ನಿಯಮ ಬಂತು. 2015ರಲ್ಲಿ ಕಾಯ್ದೆಗೇ ತಿದ್ದುಪಡಿಯಾಯಿತು. ಹಣವಿದ್ದವರಿಗೆ ಒಂದು ಬಾಗಿಲು, ಮತವಿದ್ದವರಿಗೆ ಇನ್ನೊಂದು. ಎರಡೂ ಇಲ್ಲದೆ ಕೈಚಳಕ ಮಾತ್ರ ಇದ್ದವನು ಹೊರಗೆ ನಿಂತಿದ್ದಾನೆ.

ಬ್ರಿಟನ್ನಿನಲ್ಲಿ ಇಂಥವನನ್ನು 'ಕಿಟ್ ಕಾರು' ಕಟ್ಟುವವನೆಂದು ಗುರುತಿಸುತ್ತಾರೆ. ಚೌಕಟ್ಟು, ಹೊದಿಕೆ, ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಮನೆಗೆ ಬರುತ್ತವೆ. ಕೊಂಡವನು ತನ್ನ ಗ್ಯಾರೇಜಿನಲ್ಲಿ ಜೋಡಿಸಿಕೊಳ್ಳುತ್ತಾನೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಇವುಗಳಲ್ಲಿ ಪ್ರಸಿದ್ಧವಾದದ್ದು. ಈ ಹವ್ಯಾಸ ಬೆಳೆದದ್ದಕ್ಕೆ ತೆರಿಗೆಯೂ ಒಂದು ಕಾರಣ ಎಂಬುದು ನನ್ನಂಥವರಿಗೆ ಸ್ವಾರಸ್ಯದ ವಿಷಯ. ಪೂರ್ಣ ಕಾರಿನ ಮೇಲೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಟ್ಟಿನ ಮೇಲೆ ಇರಲಿಲ್ಲ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಆ ಅನುಕೂಲ ಹೋಯಿತು, ಹವ್ಯಾಸ ಹೋಗಲಿಲ್ಲ. 1998ರಲ್ಲಿ ಅಲ್ಲಿನ ಸರ್ಕಾರ ಬಿಡಿ ವಾಹನಗಳ ಅನುಮೋದನೆಗೆ ಪ್ರತ್ಯೇಕ ಪದ್ಧತಿ ತಂದಿತು. 2009ರಿಂದ ಅದರ ಸ್ಥಾನದಲ್ಲಿ ಇನ್ನಷ್ಟು ಬಿಗಿಯಾದ ಪದ್ಧತಿಯಿದೆ. ನಿರೀಕ್ಷಕರು ಬ್ರೇಕು, ಸ್ಟೀರಿಂಗ್, ದೀಪ, ಸೀಟು ಬೆಲ್ಟ್, ಹೊಗೆ, ಶಬ್ದಗಳನ್ನೆಲ್ಲ ಪರೀಕ್ಷಿಸುತ್ತಾರೆ. ಪಾದಚಾರಿಗೆ ತಾಗಬಹುದಾದ ಚೂಪು ಅಂಚುಗಳನ್ನು ಕೂಡ ಅಳೆದು ನೋಡುತ್ತಾರೆ. ಕಾರನ್ನು ಗೋಡೆಗೆ ಗುದ್ದಿಸುವುದಿಲ್ಲ. ತಪ್ಪಿದ್ದರೆ ಪಟ್ಟಿ ಕೊಟ್ಟು ಹಿಂದಕ್ಕೆ ಕಳುಹಿಸುತ್ತಾರೆ. ಸರಿಪಡಿಸಿ ಮತ್ತೆ ತರಬಹುದು. ಹಲವು ದಾನಿ ವಾಹನಗಳ ಭಾಗಗಳಿಂದ ಕಟ್ಟಿ, ವಯಸ್ಸು ತಿಳಿಯದಂತಾದ ವಾಹನಕ್ಕೆ 'ಕ್ಯೂ' ಅಕ್ಷರದಿಂದ ಆರಂಭವಾಗುವ ಸಂಖ್ಯೆ ಕೊಡುವ ಕ್ರಮವೂ ಉಂಟು. ಮುಂದೆ ಕೊಳ್ಳುವವನಿಗೆ ಅದೇ ಎಚ್ಚರಿಕೆ.

ನಮ್ಮ ರಸ್ತೆಗಳು ಬ್ರಿಟನ್ನಿನ ರಸ್ತೆಗಳಲ್ಲ ಎಂಬ ಆಕ್ಷೇಪ ಬರುತ್ತದೆ, ಅದು ಗಂಭೀರವಾದದ್ದು. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಉತ್ತರ ಭಾರತದ 'ಜುಗಾಡ್' ಗಾಡಿಗಳ ಅನುಭವವೂ ನಮ್ಮ ಮುಂದಿದೆ. ನೀರೆತ್ತುವ ಡೀಸೆಲ್ ಎಂಜಿನ್ನನ್ನು ಮರದ ಹಲಗೆಗಳ ಗಾಡಿಗೆ ಕಟ್ಟಿ ಜನರನ್ನು ತುಂಬಿಕೊಂಡು ಓಡಿಸುತ್ತಿದ್ದರು. ಅವು ಮೋಟಾರು ವಾಹನಗಳೇ, ನೋಂದಣಿ ವಿಮೆಗಳಿಲ್ಲದೆ ಓಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ್ದು ಸರಿಯಾಗಿಯೇ ಇದೆ. ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಅದೇ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿತು. ವಿಮೆಯಿಲ್ಲದ ಗಾಡಿ ಗುದ್ದಿ ಸತ್ತ ಬಡ ಕೂಲಿಯ ಹೆಂಡತಿಗೆ ಪರಿಹಾರ ಕೊಡುವವರು ಯಾರು? ಗ್ರಾಮೀಣ ಪ್ರತಿಭೆಯನ್ನು ಹೊಗಳುವವರು ಈ ಪ್ರಶ್ನೆಗೆ ಉತ್ತರಿಸದೆ ಮುಂದೆ ಹೋಗುವಂತಿಲ್ಲ.

ಆದರೆ ಈ ಪ್ರಶ್ನೆಯೇ ನನ್ನ ವಾದವನ್ನು ಸಮರ್ಥಿಸುತ್ತದೆ. ನೋಂದಣಿಯ ದಾರಿಯಿಲ್ಲದಿದ್ದರೆ ಕಟ್ಟಿದವನು ಕಾರನ್ನು ಒಡೆದು ಹಾಕುವುದಿಲ್ಲ. ಸಂಜೆಯ ಮೇಲೆ ಹೊಲದ ದಾರಿಯಲ್ಲಿ, ಪಕ್ಕದೂರಿನ ರಸ್ತೆಯಲ್ಲಿ ಓಡಿಸುತ್ತಾನೆ, ವಿಮೆಯಿಲ್ಲದೆ. ಅಥವಾ ಹಳೆಯ ಜೀಪೊಂದರ ನೋಂದಣಿ ಪುಸ್ತಕ ಕೊಂಡು ಅದರ ಚಾಸಿ ಸಂಖ್ಯೆಯನ್ನು ಹೊಸ ಕಬ್ಬಿಣದ ಮೇಲೆ ಕೆತ್ತಿಸುತ್ತಾನೆ. ಹಳೆಯ ಜೀಪುಗಳ ವ್ಯಾಪಾರದಲ್ಲಿ ವಾಹನಕ್ಕಿಂತ ಕಾಗದಕ್ಕೇ ಹೆಚ್ಚು ಬೆಲೆ ಎಂಬುದು ಬಲ್ಲವರಿಗೆ ಗೊತ್ತು. ತಾನು ಕಟ್ಟಿದ್ದನ್ನು ತಾನೇ ಕಟ್ಟಿದೆನೆಂದು ಹೇಳುವ ಪ್ರಾಮಾಣಿಕನಿಗೆ ಸಂಖ್ಯೆ ಸಿಗುವುದಿಲ್ಲ, ಸುಳ್ಳು ಹೇಳುವವನಿಗೆ ಸಿಗುತ್ತದೆ. ಯಾವ ನಿರೀಕ್ಷಕನೂ ಒಮ್ಮೆಯೂ ಬ್ರೇಕು ಮುಟ್ಟಿ ನೋಡದ ವಾಹನ ರಸ್ತೆಗೆ ಬರುವುದು ಹೀಗೆ.

ನಷ್ಟ ಇನ್ನೊಂದು ಬಗೆಯದೂ ಇದೆ. ಗದಗದಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಸಿಗುವ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬಿತ್ತನೆಯ ಕೂರಿಗೆ ಮೊದಲಾದ ಹಲವು ಸಾಧನಗಳನ್ನು ರೂಪಿಸಿದ ರೈತ ಅವರು. ಮೊದಲ ಯಂತ್ರವನ್ನು ಹೊಲಕ್ಕೆ ಒಯ್ಯುವ ಮುನ್ನ ಪುಣೆಯಲ್ಲಿ ಅದನ್ನು ಗೋಡೆಗೆ ಗುದ್ದಿಸಿ ಬರಬೇಕೆಂದು ಯಾರೂ ಅವರನ್ನು ಕೇಳಲಿಲ್ಲ. ಕೂರಿಗೆಗೂ ಕಾರಿಗೂ ಅಪಾಯದ ಪ್ರಮಾಣದಲ್ಲಿ ಅಂತರವಿದೆ, ಒಪ್ಪೋಣ. ಆದರೆ ಒಂದನ್ನು ಮಾಡಿ, ಬಳಸಿ, ಕೆಟ್ಟದ್ದನ್ನು ತಿದ್ದಿ ಮತ್ತೊಂದು ಮಾಡುವ ಕ್ರಮದಲ್ಲಿಯೇ ಕುಶಲಕರ್ಮಿ ಕಲಿಯುತ್ತಾನೆ. 2007ರಿಂದ ನಡೆಯುತ್ತಿರುವ ಬಾಹಾ ಸ್ಪರ್ಧೆಗಾಗಿ ದೇಶದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ವಾಹನಗಳನ್ನು ಸ್ವತಃ ಕಟ್ಟುತ್ತಾರೆ. ಸ್ಪರ್ಧೆಯ ನಂತರ ಅವು ರಸ್ತೆ ಕಾಣುವಂತಿಲ್ಲ.

ಹಾಗಾದರೆ ಆಗಬೇಕಾದದ್ದೇನು? 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 2-ಬಿ ಎಂಬ ಹೊಸ ಕಲಂ ಸೇರಿದೆ. ವಾಹನ ತಂತ್ರಜ್ಞಾನದಲ್ಲಿ ನಾವೀನ್ಯ ಮತ್ತು ಸಂಶೋಧನೆಯನ್ನು ಉತ್ತೇಜಿಸಲು ಕೆಲವು ಬಗೆಯ ವಾಹನಗಳನ್ನು ಕಾಯ್ದೆಯಿಂದ ವಿನಾಯಿತಿಗೊಳಿಸುವ ಅಧಿಕಾರವನ್ನು ಅದು ಕೇಂದ್ರಕ್ಕೆ ಕೊಡುತ್ತದೆ. ಪೂರ್ಣ ವಿನಾಯಿತಿ ನನಗೆ ಒಪ್ಪಿಗೆಯಿಲ್ಲ. ಬೇಕಾದದ್ದು ಕಟ್ಟುನಿಟ್ಟಿನ ಬಿಡಿ ಪರಿಶೀಲನೆ. ಒಬ್ಬ ವ್ಯಕ್ತಿಗೆ ಒಂದೇ ವಾಹನ, ಸ್ವಂತ ಬಳಕೆಗೆ ಮಾತ್ರ. ಎಂಜಿನ್, ಬ್ರೇಕು, ಸ್ಟೀರಿಂಗ್, ದೀಪಗಳು ಈಗಾಗಲೇ ಅನುಮೋದನೆ ಪಡೆದ ವಾಹನದವೇ ಆಗಿರಬೇಕು, ದಾನಿ ವಾಹನದ ದಾಖಲೆ ಇರಬೇಕು. ಚೌಕಟ್ಟಿನ ಬೆಸುಗೆಯನ್ನು ಹೊದಿಕೆ ಹಾಕುವ ಮೊದಲೇ ಒಮ್ಮೆ ತೋರಿಸಬೇಕು. ಮುಚ್ಚಿದ ಮೇಲೆ ನೋಡಿ ಫಲವಿಲ್ಲ. ವೇಗಕ್ಕೆ ಮಿತಿ ಇರಲಿ, ಹೆದ್ದಾರಿಗೆ ನಿರ್ಬಂಧವಿರಲಿ, ಪ್ರತಿ ವರ್ಷ ತಪಾಸಣೆ ಇರಲಿ, ಸಂಖ್ಯಾಫಲಕವೇ ಬೇರೆ ಬಗೆಯದಾಗಿರಲಿ. ಹೊಗೆಯ ವಿಷಯ ತೊಡಕಿನದು. 2020ರಿಂದ ಬಿಎಸ್-6 ಕಡ್ಡಾಯವಾಗಿರುವಾಗ ಹಳೆಯ ಎಂಜಿನ್ನನ್ನು ಒಪ್ಪುವುದು ಹೇಗೆ? ದಾನಿ ವಾಹನಕ್ಕೆ ಅದರ ಕಾಲದಲ್ಲಿ ಅನ್ವಯಿಸುತ್ತಿದ್ದ ಮಿತಿಯನ್ನೇ ಅನ್ವಯಿಸಬಹುದು, ಅಥವಾ ಇಂಥ ವಾಹನಗಳು ವಿದ್ಯುತ್ತಿನಿಂದಲೇ ಓಡಲಿ ಎನ್ನಬಹುದು. ಹಳೆಯ ವಾಹನಕ್ಕೆ ವಿದ್ಯುತ್ ಕಿಟ್ ಅಳವಡಿಸಲು 2016ರಿಂದಲೇ ನಿಯಮಗಳಿವೆ. ಅಲ್ಲಿ ಅನುಮೋದನೆ ಸಿಗುವುದು ಕಿಟ್ಟಿಗೆ; ಅದನ್ನು ಅಧಿಕೃತ ಕಾರ್ಯಾಗಾರಗಳು ಅಳವಡಿಸುತ್ತವೆ. ಎರಡನೆಯದೇ ನನಗೆ ಹೆಚ್ಚು ವಿವೇಕದ್ದೆಂದು ತೋರುತ್ತದೆ.

ನಿಯಮ ಮಾಡಬೇಕಾದದ್ದು ಕೇಂದ್ರವಾದರೂ ಕರಡನ್ನು ಬೆಂಗಳೂರಿನಿಂದ ಕಳುಹಿಸಲು ಅಡ್ಡಿಯಿಲ್ಲ. ಭಾರತದ ಮೊದಲ ವಿದ್ಯುತ್ ಕಾರುಗಳಲ್ಲೊಂದಾದ ರೇವಾ 2001ರಲ್ಲಿ ಮಾರುಕಟ್ಟೆಗೆ ಬಂದದ್ದು ಇದೇ ರಾಜ್ಯದಿಂದ. ಅದಕ್ಕೂ ಮೊದಲು, 1980ರ ದಶಕದಲ್ಲಿ, ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿದ ಫೈಬರ್ ಗಾಜಿನ ಡಾಲ್ಫಿನ್ ಕಾರನ್ನು ಬೆಂಗಳೂರಿನ ಸಿಪಾನಿ ಸಂಸ್ಥೆ ತಯಾರಿಸಿತ್ತು. ಸಾರಿಗೆ ಇಲಾಖೆ ಮತ್ತು ತಾಂತ್ರಿಕ ಶಿಕ್ಷಣ ಇಲಾಖೆ ಒಟ್ಟಿಗೆ ಕುಳಿತು, ಬಾಹಾ ವಾಹನಗಳನ್ನು ಕಟ್ಟಿದ ಅನುಭವವಿರುವ ಎರಡು ಮೂರು ಕಾಲೇಜುಗಳ ಪ್ರಾಧ್ಯಾಪಕರನ್ನೂ ಸೇವೆಯಲ್ಲಿರುವ ಮೋಟಾರು ವಾಹನ ನಿರೀಕ್ಷಕರನ್ನೂ ಕರೆದು ಪರಿಶೀಲನಾ ಪಟ್ಟಿಯೊಂದನ್ನು ಸಿದ್ಧಪಡಿಸಬಹುದು. ಮೊದಲ ವರ್ಷ ಹುಬ್ಬಳ್ಳಿ-ಧಾರವಾಡದಲ್ಲಿ ಒಂದೇ ಕೇಂದ್ರ ಸಾಕು. ಹರ್ತಿಯಿಂದ ಅಲ್ಲಿಗೆ ಕಾರನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹೇರಿಕೊಂಡು ಹೋಗಿ ಸಂಜೆಯೊಳಗೆ ಮರಳಬಹುದು.