ಹಡಗಿನ ಬೆಲೆ, ನೆಲದ ಬೆಲೆ

ಕಾರವಾರದ ನೌಕಾನೆಲೆಯ ವಿಕ್ರಮಾದಿತ್ಯ ಅನ್ನೋ ವಿಮಾನವಾಹಕ ಹಡಗಿನ ಲೆಕ್ಕ ನೋಡಿ. ರಷ್ಯಾದ ಹಳೇ ಹಡಗನ್ನು ರಿಪೇರಿ ಮಾಡಿ ಕೊಡಲು 2004ರಲ್ಲಿ ಆದ ಕರಾರು ಸುಮಾರು 97 ಕೋಟಿ ಡಾಲರ್. ಕೆಲಸ ಹೆಚ್ಚಾಯಿತು, ಖರ್ಚು ಏರಿತು ಎಂದರು. 2010ರ ಹೊತ್ತಿಗೆ ಅದು 230 ಕೋಟಿ ದಾಟಿತು. ಸರ್ಕಾರ ಒಪ್ಪಿಕೊಂಡಿತು. ಹಡಗು 2013ರಲ್ಲಿ ಸೇವೆಗೆ ಸೇರಿತು.

ಅದೇ ನೌಕಾನೆಲೆಗೆ ಜಮೀನು ಬಿಟ್ಟುಕೊಟ್ಟ ಕಾರವಾರ, ಅಂಕೋಲಾ ಕಡೆಯ ರೈತರು ನ್ಯಾಯವಾದ ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆದರು.

ದೇಶರಕ್ಷಣೆ ಬೇಡ ಅಂತ ಯಾವ ರೈತನೂ ಅನ್ನೋದಿಲ್ಲ. ಆದರೆ ಹಡಗಿನವನ ಖರ್ಚು ಏರಿದರೆ ಕರಾರನ್ನೇ ತಿದ್ದುವ ಸರ್ಕಾರ, ನೆಲ ಕೊಟ್ಟವನಿಗೆ ಮಾತ್ರ ಹಳೇ ದರ ಹಿಡಿದು ಕೂರುವುದು ಯಾವ ನ್ಯಾಯ? ಈಗ ಮತ್ತೊಂದು ವಿಮಾನವಾಹಕದ ಮಾತು ನಡೆದಿದೆ. ಅದರ ಅಂದಾಜು ಬರೆಯುವಾಗ ನೆಲದ ಬೆಲೆಯನ್ನೂ ನ್ಯಾಯವಾಗಿ, ಮೊದಲೇ ಬರೆಯಲಿ.